ರೇಡಿಯೇಟರ್ ಬದಲಿಸಿ ನಾಲ್ಕೂವರೆ ವರ್ಷ, 63,000 ಕಿ.ಮೀ.: ನನ್ನ ಅನುಭವ

ನನ್ನದು 2012ರ ಪೆಟ್ರೋಲ್ ಕಾರು. ವಾರಕ್ಕೆ ಎರಡು ಸಲ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗಿ ಬರುತ್ತೇನೆ. ಎಂಜಿನ್ ಬಿಸಿ ಇಳಿಸುವ ರೇಡಿಯೇಟರ್ ಬದಲಿಸಿದ್ದು 2021ರ ಮಾರ್ಚ್‌ನಲ್ಲಿ, ಮೀಟರ್ 98,000 ಇದ್ದಾಗ. ಈಗ 1,61,000 ಆಗಿದೆ. ಹಾಕಿಸಿದ್ದು ಕಂಪನಿ ಪಾರ್ಟ್ ಅಲ್ಲ, ಹೊರಗಡೆ ಸಿಗುವ ಅಲ್ಯೂಮಿನಿಯಂ ರೇಡಿಯೇಟರ್. ಬೇರೆಯವರೂ ಇದೇ ಯೋಚನೆಯಲ್ಲಿದ್ದರೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಹಳೆಯದು ಕೈಕೊಟ್ಟಿದ್ದು ಭರಮಸಾಗರದ ಹತ್ತಿರ, ಮಧ್ಯಾಹ್ನ. ಮೊದಲು ಎಸಿ ಗಾಳಿ ಬಿಸಿಯಾಯಿತು. ನೋಡಿದರೆ ಎಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಯ ಹತ್ತಿರ. ಎಸಿ ನಿಲ್ಲಿಸಿ, ಹೀಟರ್ ಪೂರ್ತಿ ಹಾಕಿ, ಕಿಟಕಿ ಇಳಿಸಿದೆ. ಹೀಟರ್ ಎಂಜಿನ್ನಿನ ಬಿಸಿಯನ್ನು ಸ್ವಲ್ಪ ಹೊರಗೆ ಎಳೆಯುತ್ತದೆ, ಅಷ್ಟರಲ್ಲಿ ಪಕ್ಕಕ್ಕೆ ನಿಲ್ಲಿಸಲು ಸಮಯ ಸಿಕ್ಕಿತು. ಬಾನೆಟ್ ಎತ್ತಿದ ಕೂಡಲೇ ಹಬೆ. ರೇಡಿಯೇಟರ್ ಕ್ಯಾಪಿಗೆ ಕೈ ಹಾಕುವಷ್ಟರಲ್ಲಿ ಹಿಂದೆ ಲಾರಿ ನಿಲ್ಲಿಸಿದ್ದ ಡ್ರೈವರ್ ಓಡಿ ಬಂದು, "ಅಣ್ಣಾ, ಕ್ಯಾಪ್ ಮುಟ್ಟಬೇಡ್ರಿ, ಮುಖ ಸುಟ್ಟು ಹೋಗುತ್ತೆ. ಮುಕ್ಕಾಲು ಗಂಟೆ ಸುಮ್ನೆ ಬಿಡ್ರಿ" ಎಂದರು. ಆ ಮಾತಿಗೆ ಇವತ್ತಿಗೂ ಋಣಿ. ಕ್ಯಾಪ್ ಮೇಲೆ 1.1 ಎಂದು ಬರೆದಿರುತ್ತದಲ್ಲ, ಅದು ಒಳಗಿನ ಒತ್ತಡದ ಲೆಕ್ಕ. ಅಷ್ಟು ಒತ್ತಡ ಇದ್ದರೆ ನೀರು ಕುದಿಯಲು 120 ಡಿಗ್ರಿ ದಾಟಬೇಕು. ಕ್ಯಾಪ್ ತೆಗೆದರೆ ಒತ್ತಡ ಒಮ್ಮೆಲೇ ಬಿಟ್ಟು, ಅಷ್ಟು ಬಿಸಿ ನೀರು ಅಲ್ಲೇ ಕುದಿದು ಚಿಮ್ಮುತ್ತದೆ.

ಟೋ ಮಾಡಿಸಿ ದಾವಣಗೆರೆಗೆ ತಂದೆ. ಮೆಕ್ಯಾನಿಕ್ ಮೊದಲು ಡಿಪ್‌ಸ್ಟಿಕ್ ಎಳೆದು ಆಯಿಲ್ ನೋಡಿದರು. ಎಂಜಿನ್ನಿನಲ್ಲಿ ನೀರು, ಆಯಿಲ್ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಸೇರಿದ್ದರೆ ಆಯಿಲ್ ಹಾಲು ಹಾಕಿದ ಚಹಾದಂತೆ ಕಾಣುತ್ತದೆಯಂತೆ. ಪುಣ್ಯಕ್ಕೆ ಹಾಗೆ ಆಗಿರಲಿಲ್ಲ. ಸೋರುತ್ತಿದ್ದದ್ದು ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಮತ್ತು ಅಲ್ಯೂಮಿನಿಯಂ ಕೋರ್ (ಸಣ್ಣ ಟ್ಯೂಬ್‌ಗಳಿರುವ ನಡುವಿನ ಭಾಗ) ಸೇರುವ ಜಾಗದಲ್ಲಿ. ಟ್ಯಾಂಕ್ ಬಿಚ್ಚಿ ತೋರಿಸಿದಾಗ ಹೊಟ್ಟೆ ಚುರ್ ಎಂದಿತು. ನೀರು ಕಾಯಿಸುವ ಹಂಡೆಯೊಳಗೆ ಕಟ್ಟುತ್ತದಲ್ಲ, ಅದೇ ಬಿಳಿ ಸುಣ್ಣ. ಸುಮಾರು ಟ್ಯೂಬ್‌ಗಳ ಬಾಯಿ ಮುಚ್ಚೇ ಹೋಗಿತ್ತು. ಉಗುರಿನಿಂದ ಕೆರೆದರೆ ಚಕ್ಕೆ ಎದ್ದು ಬಂತು. "ಯಾವ ನೀರು ಹಾಕ್ತಿದ್ರಿ ಸಾರ್?" ಎಂದು ಕೇಳಿದರು. ಬೋರ್ ನೀರು. ಮನೆಯ ನಲ್ಲಿಯಿಂದ ಬಾಟಲಿಗೆ ಹಿಡಿದು ವರ್ಷಗಟ್ಟಲೆ ಅದನ್ನೇ ಸುರಿದಿದ್ದೆ. ನಮ್ಮ ಕಡೆ ಬೋರ್ ನೀರು ಎಷ್ಟು ಗಡಸು ಅಂತ ಬಕೆಟ್ಟಿನ ಬಿಳಿ ಕಲೆ ನೋಡಿದರೇ ಗೊತ್ತಾಗುತ್ತದೆ. ರೇಡಿಯೇಟರಿಗೂ ಅದೇ ಆಗುತ್ತದೆ ಎಂದು ಹೊಳೆದಿರಲಿಲ್ಲ.

ಅದಕ್ಕೂ ಮೊದಲು ಇನ್ನೊಂದು ಗ್ಯಾರೇಜಿನಲ್ಲಿ ಥರ್ಮೋಸ್ಟಾಟ್ ತೆಗೆದುಹಾಕಿದ್ದರು. "ನಮ್ಮ ಬಿಸಿಲಿಗೆ ಇದೆಲ್ಲ ಬೇಡ" ಎಂದಿದ್ದರು. ದಯವಿಟ್ಟು ಇದಕ್ಕೆ ಒಪ್ಪಬೇಡಿ. ಎಂಜಿನ್ ಸರಿಯಾದ ಬಿಸಿಗೆ ಬರುವವರೆಗೆ ಕೂಲೆಂಟನ್ನು, ಅಂದರೆ ಎಂಜಿನ್ ತಣ್ಣಗಿಡುವ ದ್ರವವನ್ನು, ರೇಡಿಯೇಟರಿಗೆ ಬಿಡದೆ ತಡೆಯುವುದು ಥರ್ಮೋಸ್ಟಾಟ್ ಕೆಲಸ. ಅದಿಲ್ಲದೆ ಎಂಜಿನ್ ಬೇಗ ಬಿಸಿಯಾಗುವುದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಹೊಸದು ಹಾಕಿದ ಮೇಲೆ ನನಗೆ ಲೀಟರಿಗೆ ಒಂದು ಕಿಲೋಮೀಟರ್ ಹೆಚ್ಚು ಸಿಕ್ಕಿತು.

ಹಳೆಯದನ್ನೇ ರಿಪೇರಿ ಮಾಡಿಸೋಣವೇ ಎಂದು ಕೇಳಿದ್ದೆ. ತಾಮ್ರ, ಹಿತ್ತಾಳೆಯ ಹಳೇ ರೇಡಿಯೇಟರ್ ಆಗಿದ್ದರೆ ಬೆಸುಗೆ ಹಾಕಬಹುದು. ಇದರಲ್ಲಿ ಟ್ಯಾಂಕ್ ಬೇರೆ ಹಾಕಬಹುದಿತ್ತು, ಆದರೆ ಕೋರ್ ಕಟ್ಟಿಕೊಂಡ ಮೇಲೆ ಅದು ದಂಡ. ರೇಡಿಯೇಟರ್ 4,200, ಥರ್ಮೋಸ್ಟಾಟ್, ಕ್ಯಾಪ್, ಕೂಲೆಂಟ್, ಕೂಲಿ ಎಲ್ಲ ಸೇರಿ 7,300 ರೂಪಾಯಿ ಆಯಿತು. ಹೋಸ್ ಪೈಪ್ ಮಾತ್ರ ಹಳೆಯದೇ ಇರಲಿ ಎಂದೆ. ಅದು ತಪ್ಪು. ಎಂಟು ತಿಂಗಳಿಗೆ ಮೇಲಿನ ಹೋಸ್ ಕ್ಲಿಪ್ ಹತ್ತಿರ ಉಬ್ಬಿ ಬಿರುಕು ಬಿಟ್ಟಿತು. ಬೆಳಿಗ್ಗೆ ಬಾನೆಟ್ ಎತ್ತಿ ನೋಡುವ ಅಭ್ಯಾಸ ಇದ್ದಿದ್ದಕ್ಕೆ ಮನೆಯಲ್ಲೇ ಕಣ್ಣಿಗೆ ಬಿತ್ತು. ಮತ್ತೆ ಕೂಲೆಂಟ್ ಇಳಿಸಿ, ಮತ್ತೆ ಕೂಲಿ ಕೊಟ್ಟಿದ್ದಾಯಿತು.

ಈ ರೇಡಿಯೇಟರಿನಲ್ಲಿ ಕೊರತೆ ಇಲ್ಲವೇ ಅಂದರೆ, ಇದೆ. ಕೆಳಗಿನ ಬ್ರಾಕೆಟ್ ತೂತು ಸರಿಯಾಗಿ ಕೂರಲಿಲ್ಲ, ಅರದಿಂದ ಉಜ್ಜಿ ಕೂರಿಸಬೇಕಾಯಿತು. ಡ್ರೈನ್ ಪ್ಲಗ್ ಪ್ಲಾಸ್ಟಿಕ್ಕಿನದು, ಸ್ಪ್ಯಾನರ್ ಹಾಕಿ ಬಿಗಿದರೆ ಮುರಿಯುತ್ತದೆ, ಕೈಯಲ್ಲೇ ಬಿಗಿಯಬೇಕು. ಇವೆರಡು ಬಿಟ್ಟರೆ ನನಗೆ ದೂರಿಲ್ಲ. ಏಪ್ರಿಲ್ ಬಿಸಿಲಲ್ಲಿ, ಐದು ಜನ ಕೂತು, ಎಸಿ ಹಾಕಿಕೊಂಡು ಹೋದರೂ ಮುಳ್ಳು ಅರ್ಧ ದಾಟಿಲ್ಲ.

ಒಮ್ಮೆ ಮಾತ್ರ ದಾಟಿತು. 2022ರ ನವೆಂಬರ್. ನಮ್ಮಲ್ಲಿ ಸುಗ್ಗಿಯಲ್ಲಿ ಸರ್ವಿಸ್ ರೋಡ್ ತುಂಬ ಮೆಕ್ಕೆಜೋಳ ಒಣ ಹಾಕಿರುತ್ತಾರೆ, ಪಕ್ಕದಲ್ಲೇ ಕಾಳು ಬಿಡಿಸುವ ಮಷಿನ್ ನಿಂತಿರುತ್ತದೆ. ಹಾರಿದ ಹೊಟ್ಟೆಲ್ಲ ಗ್ರಿಲ್ ಮೂಲಕ ಒಳಗೆ ಹೋಗಿ, ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಹಾಸಿಗೆಯಂತೆ ಕೂತಿತ್ತು. ಮುಂದಿನಿಂದ ಬಗ್ಗಿ ನೋಡಿದರೆ ಏನೂ ಕಾಣುವುದಿಲ್ಲ. ಮೇಲಿನ ಪಟ್ಟಿ ಬಿಚ್ಚಿ ಟಾರ್ಚ್ ಹಾಕಿದಾಗಲೇ ಕಂಡಿದ್ದು. ಎಂಜಿನ್ ಕಡೆಯಿಂದ ಹೊರಗೆ ಬರುವ ಹಾಗೆ ಸಾದಾ ಪೈಪಿನ ನೀರು ಬಿಟ್ಟು ತೊಳೆಸಿದೆ. ವಾಟರ್ ಸರ್ವಿಸ್ ಗನ್ ಹತ್ತಿರದಿಂದ ಹೊಡೆಸಬೇಡಿ, ತಗಡಿನ ಸಣ್ಣ ಎಸಳುಗಳು ಮಡಚಿ ಗಾಳಿ ಹೋಗುವ ದಾರಿಯೇ ಮುಚ್ಚುತ್ತದೆ. ಈಗ ಪ್ರತಿ ಸುಗ್ಗಿ ಮುಗಿದ ಮೇಲೆ ಒಮ್ಮೆ ಈ ಕೆಲಸ ಮಾಡಿಸುತ್ತೇನೆ.

ಕೂಲೆಂಟ್ ರೆಡಿ ಮಿಕ್ಸ್ ಹಾಕುತ್ತೇನೆ. ನೀರು ಬೆರೆಸದ ಗಟ್ಟಿ ಕೂಲೆಂಟ್ ತಂದರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಅರ್ಧಕ್ಕರ್ಧ ಬೆರೆಸಬೇಕು. ಬಣ್ಣ ಒಂದೇ ಇದೆ ಎಂದು ಬೇರೆ ಬೇರೆ ಬಗೆಯದನ್ನು ಸೇರಿಸಬೇಡಿ, ಒಳಗೆ ಗಸಿ ಕಟ್ಟಬಹುದು. ತುಂಬಿಸಿದ ಮೇಲೆ ಹೀಟರ್ ಹಾಕಿಟ್ಟು, ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ ಒಳಗಿನ ಗಾಳಿ ಬಿಡಿಸಬೇಕು. ಮಾರನೇ ದಿನ ತಣ್ಣಗಿದ್ದಾಗ ಬಾನೆಟ್ ಒಳಗಿನ ಕೂಲೆಂಟ್ ಬಾಟಲಿಯಲ್ಲಿ ಮಟ್ಟ ನೋಡಿ. ನನಗೆ ಪ್ರತಿ ಸಲ ಒಂದು ಲೋಟದಷ್ಟು ಇಳಿದಿರುತ್ತದೆ.

ಕಳೆದ ವಾರ ಎರಡನೇ ಸಲ ಕೂಲೆಂಟ್ ಬದಲಿಸಿದೆ. ಬಿಳಿ ಟಬ್ಬಿಗೆ ಇಳಿಸಿ ನೋಡಿದರೆ ಇನ್ನೂ ಹಸಿರಾಗೇ ಇತ್ತು, ತಳದಲ್ಲಿ ಚಕ್ಕೆ ಇಲ್ಲ, ತುಕ್ಕಿಲ್ಲ. ಹಳೇ ಕೂಲೆಂಟನ್ನು ಚರಂಡಿಗೋ ಅಂಗಳಕ್ಕೋ ಸುರಿಯಬೇಡಿ. ಅದು ಸಿಹಿ ಇರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ. ನಾನು ಕ್ಯಾನಿಗೆ ತುಂಬಿ, ಮುಚ್ಚಳ ಬಿಗಿದು, ಹಳೇ ಆಯಿಲ್ ಜೊತೆ ಕೊಟ್ಟುಬಿಡಲು ಗ್ಯಾರೇಜಿನಲ್ಲೇ ಇಟ್ಟು ಬಂದೆ.