ಕಂತಿನ ಕಾರಿಗೆ ಕೂರಿಸಿದ ರಿಮೋಟ್ ಬೀಗ: ಮೂರು ವರ್ಷ ಬಳಸಿದ ಮೇಲೆ

ಕೀ ತಿರುಗಿಸಿದರೆ ಡ್ಯಾಶ್‌ಬೋರ್ಡ್ ದೀಪಗಳೆಲ್ಲ ಹತ್ತುತ್ತವೆ. ರೇಡಿಯೋ ಬರುತ್ತದೆ, ಫ್ಯಾನ್ ತಿರುಗುತ್ತದೆ. ಇಂಜಿನ್ ಮಾತ್ರ ಏಳುವುದಿಲ್ಲ. ಸ್ಟಾರ್ಟರ್ ಮೋಟರಿನ ಕರಕರ ಸದ್ದೂ ಇಲ್ಲ. ಮೊದಲ ಸಲ ಹೀಗಾದಾಗ ಬ್ಯಾಟರಿ ಹೋಯಿತು ಅಂದುಕೊಂಡೆ. ಬಗ್ಗಿ ನೋಡಿದರೆ ಸ್ಟೀರಿಂಗ್ ಕೆಳಗಿನ ಕಪ್ಪು ಡಬ್ಬಿಯಲ್ಲಿ ಕೆಂಪು ದೀಪ ಮಿಣುಕುತ್ತಿತ್ತು. ಬ್ಯಾಟರಿ ಸರಿಯಾಗಿಯೇ ಇತ್ತು. ಸಾಲ ಕೊಟ್ಟವರು ಕಾರಿಗೆ ಬೀಗ ಹಾಕಿದ್ದರು.

ಆ ಡಬ್ಬಿಯ ಬಗ್ಗೆಯೇ ಈ ವಿಮರ್ಶೆ. ಅಮೆರಿಕದಲ್ಲಿ ಇದಕ್ಕೆ ಸ್ಟಾರ್ಟರ್ ಇಂಟರಪ್ಟ್ ಅನ್ನುತ್ತಾರೆ. ಸಾಲ ತೀರಿಸುವವರ ಬಾಯಲ್ಲಿ ಕಿಲ್ ಸ್ವಿಚ್. 2022ರ ಮಾರ್ಚಿನಿಂದ ಮೂರು ವರ್ಷಕ್ಕಿಂತ ತುಸು ಹೆಚ್ಚು ಕಾಲ ಇದು ನನ್ನ ಕಾರಿನಲ್ಲಿತ್ತು.

ನಾವು ತುಮಕೂರಿನಿಂದ ಟೆಕ್ಸಾಸಿನ ಆಸ್ಟಿನ್‌ಗೆ ಬಂದದ್ದು 2021ರ ಕೊನೆಯಲ್ಲಿ. ನನಗೆ ವೃದ್ಧಾಶ್ರಮವೊಂದರಲ್ಲಿ ಕೆಲಸ ಸಿಕ್ಕಿತು. ಶಿಫ್ಟ್ ಶುರುವಾಗುವುದು ಬೆಳಗ್ಗೆ ಆರಕ್ಕೆ. ಅಷ್ಟು ಹೊತ್ತಿಗೆ ನಮ್ಮ ಕಡೆಯಿಂದ ಬಸ್ಸಿಲ್ಲ, ಹಾಗಾಗಿ ಕಾರು ಬೇಕೇ ಬೇಕು. ಆದರೆ ಹೊಸದಾಗಿ ಬಂದವರಿಗೆ ಇಲ್ಲಿ ಕ್ರೆಡಿಟ್ ಸ್ಕೋರ್, ಅಂದರೆ ಸಾಲ ಸರಿಯಾಗಿ ತೀರಿಸಿದ್ದಕ್ಕೆ ಸಿಗುವ ಅಂಕ, ಇರುವುದಿಲ್ಲ. ಊರಿನಲ್ಲಿ ಇಪ್ಪತ್ತು ವರ್ಷ ಒಂದು ರೂಪಾಯಿ ಬಾಕಿ ಇಡದೆ ಬದುಕಿದ್ದರೂ ಇಲ್ಲಿ ಅದು ಲೆಕ್ಕಕ್ಕಿಲ್ಲ. ಬ್ಯಾಂಕುಗಳು ಆಗಲ್ಲ ಅಂದವು. ಉಳಿದದ್ದು ಕಾರನ್ನೂ ಸಾಲವನ್ನೂ ತಾವೇ ಕೊಡುವ ಸೆಕೆಂಡ್ ಹ್ಯಾಂಡ್ ಡೀಲರ್‌ಗಳು.

2012ರ ಟೊಯೋಟಾ ಕೊರೊಲಾ. ಬೆಲೆ ತೆರಿಗೆ ಸೇರಿ 10,500 ಡಾಲರ್. ಮುಂಗಡ 1,500 ಕೊಟ್ಟೆ. ಉಳಿದದ್ದಕ್ಕೆ ಎರಡು ವಾರಕ್ಕೊಮ್ಮೆ 159 ಡಾಲರಿನಂತೆ 78 ಕಂತು. ಕೂಡಿಸಿ ನೋಡಿ, 10,500ರ ಕಾರಿಗೆ ನಾನು ಕಟ್ಟಿದ್ದು 13,902. ಸಹಿ ಹಾಕಿಸಿಕೊಂಡ ಕಾಗದಗಳಲ್ಲಿ ಒಂದು ಈ ಡಬ್ಬಿಯದ್ದು. ಸೇಲ್ಸ್‌ನವನು "ಜಿಪಿಎಸ್ ಅಷ್ಟೇ ಮೇಡಂ, ಎಲ್ಲರಿಗೂ ಹಾಕುತ್ತೇವೆ" ಅಂದ. ಕಾಗದ ಓದಿದ್ದರೆ ಬರೀ ಜಿಪಿಎಸ್ ಅಲ್ಲ ಅಂತ ಗೊತ್ತಾಗುತ್ತಿತ್ತು. ಇಂಥ ಕಾರು ತೆಗೆದುಕೊಳ್ಳುವವರು ದಯವಿಟ್ಟು ಆ ಹಾಳೆಯನ್ನು ಕೂತು ಓದಿ.

ಡಬ್ಬಿ ನೋಡಲು ಸಣ್ಣದು, ಸೋಪಿನ ಪೆಟ್ಟಿಗೆಯಷ್ಟು. ಒಳಗೆ ಒಂದು ಸಿಮ್, ಜಿಪಿಎಸ್, ಒಂದು ರಿಲೇ, ಅಂದರೆ ಕರೆಂಟಿನಿಂದ ಕೆಲಸ ಮಾಡುವ ಸ್ವಿಚ್. ಕೀಯಿಂದ ಸ್ಟಾರ್ಟರ್ ಮೋಟರಿಗೆ ಹೋಗುವ ವೈರನ್ನು ನಡುವೆ ಕತ್ತರಿಸಿ ಈ ರಿಲೇಗೆ ಜೋಡಿಸಿರುತ್ತಾರೆ. ಡೀಲರ್ ಆಫೀಸಿನ ಕಂಪ್ಯೂಟರ್ ಮೊಬೈಲ್ ನೆಟ್‌ವರ್ಕ್ ಮೂಲಕ ಸೂಚನೆ ಕಳಿಸಿದರೆ ರಿಲೇ ಆ ದಾರಿಯನ್ನು ಮುಚ್ಚುತ್ತದೆ. ನನ್ನ ಕಾರಿನಲ್ಲಿ ಓಡುತ್ತಿರುವ ಇಂಜಿನ್ ಇದರಿಂದ ಒಮ್ಮೆಯೂ ನಿಂತಿಲ್ಲ, ಇದು ತಡೆಯುವುದು ಮುಂದಿನ ಸ್ಟಾರ್ಟ್ ಅನ್ನು. ಹೆದ್ದಾರಿ ನಡುವೆ ನಿಂತುಬಿಡುತ್ತದಾ ಅಂತ ನನ್ನ ಗೆಳತಿಯರು ಕೇಳುತ್ತಿರುತ್ತಾರೆ, ಅದಕ್ಕೇ ಇಷ್ಟು ಬಿಡಿಸಿ ಹೇಳಿದೆ.

ಕಂತಿಗೆ ಮೂರು ದಿನ ಇದೆ ಅನ್ನುವಾಗಲೇ ಕೂಗಲು ಶುರು. ಕೀ ಹಾಕಿದ ಕೂಡಲೇ ಬೀಪ್, ಬೀಪ್. ದಿನ ಹತ್ತಿರವಾದಷ್ಟೂ ಕೂಗು ಜಾಸ್ತಿ. ಆಗ ಮಗನಿಗೆ ಎಂಟು ವರ್ಷ. ಹಿಂದಿನ ಸೀಟಿನಲ್ಲಿ ಕೂತು ಬೆರಳು ಮಡಚಿ ಎಣಿಸುತ್ತಿದ್ದ. "ಅಮ್ಮ, ಇವತ್ತು ಆರು ಸಲ ಕೂಗ್ತು. ದುಡ್ಡು ಕಟ್ಟಿಲ್ವಾ?" ಮನೆಯ ಸಾಲದ ಲೆಕ್ಕ ಆ ವಯಸ್ಸಿನ ಮಗುವಿಗೆ ಗೊತ್ತಾಗಬೇಕಿರಲಿಲ್ಲ. ಜೊತೆಯಲ್ಲಿ ಕೆಲಸ ಮಾಡುವವರನ್ನು ಕೂರಿಸಿಕೊಂಡ ದಿನವೂ ಕೂಗುತ್ತಿತ್ತು. ಒಬ್ಬರು ಒಂದು ಮಾತೂ ಕೇಳದೆ ನನ್ನ ಕೈ ಮೇಲೆ ಕೈಯಿಟ್ಟರು. ಅವರ ಕಾರಿನಲ್ಲೂ ಇದೇ ಡಬ್ಬಿ ಇತ್ತಂತೆ.

ಮೊದಲ ಬೀಗ ಬಿದ್ದದ್ದು 2022ರ ಮೇ ಕೊನೆಯಲ್ಲಿ. ಕಂತಿನ ದಿನ ಶುಕ್ರವಾರ. ಅವತ್ತು ಸಂಜೆಯೇ ಬ್ಯಾಂಕ್ ಖಾತೆಯಿಂದ ಆನ್‌ಲೈನ್‌ನಲ್ಲಿ ಕಟ್ಟಿದ್ದೆ, ರಶೀದಿಯೂ ಬಂದಿತ್ತು. ಆದರೆ ಖಾತೆಯಿಂದ ಹೋದ ಹಣ ಅವರ ಪುಸ್ತಕದಲ್ಲಿ ಜಮೆಯಾಗಲು ಎರಡು ಮೂರು ಕೆಲಸದ ದಿನ ಬೇಕು. ಕಂಪ್ಯೂಟರ್ ಅಷ್ಟು ದಿನ ಕಾಯಲಿಲ್ಲ. ಶನಿವಾರ ಬೆಳಗಿನ ಜಾವ ಐದೂ ಇಪ್ಪತ್ತಕ್ಕೆ ಕೀ ತಿರುಗಿಸಿದರೆ ಕೆಂಪು ದೀಪ. ತುರ್ತು ಬಟನ್ ಒಂದಿದೆ, ಒತ್ತಿದರೆ 24 ಗಂಟೆ ಕಾರು ಬಿಡುತ್ತದೆ. ಅವತ್ತಿಗೆ ಅದು ಕಾಪಾಡಿತು. ಭಾನುವಾರ ಮತ್ತೆ ಬೀಗ. ಬಟನ್ ತಿಂಗಳಿಗೆ ಒಂದೇ ಸಲ. ಸೋಮವಾರ ಮೆಮೋರಿಯಲ್ ಡೇ ರಜೆ, ಆಫೀಸಿನಲ್ಲಿ ಫೋನ್ ಎತ್ತುವವರಿಲ್ಲ. ಎರಡು ದಿನ ಟ್ಯಾಕ್ಸಿಗೆ 120 ಡಾಲರ್ ಹೋಯಿತು. ಮಂಗಳವಾರ ಒಂಬತ್ತಕ್ಕೆ ಆಫೀಸು ತೆಗೆಯಿತು, ರಶೀದಿ ತೋರಿಸಿದೆ. ಕೌಂಟರಿನ ಹುಡುಗಿ ಎರಡು ಕ್ಲಿಕ್ ಮಾಡಿ "ಆಯ್ತು" ಅಂದಳು. ಟ್ಯಾಕ್ಸಿ ದುಡ್ಡು ಯಾರೂ ಕೊಡಲಿಲ್ಲ.

ಈ ಡಬ್ಬಿಯ ಮೇಲೆ ನನ್ನ ದೊಡ್ಡ ದೂರು ಇದೇ. ಬೀಗ ಹಾಕಲು ಯಂತ್ರ ಇದೆ, ಅದಕ್ಕೆ ಹಗಲು ರಾತ್ರಿ ಇಲ್ಲ, ರಜೆ ಇಲ್ಲ. ತೆಗೆಯಲು ಮಾತ್ರ ಮನುಷ್ಯರು ಬರಬೇಕು, ಅವರಿಗೆ ಆಫೀಸ್ ಟೈಮ್ ಇದೆ. ಅಪ್ಪ ಟ್ರ್ಯಾಕ್ಟರ್ ಸಾಲ ಮಾಡಿದ್ದಾಗ ಫೈನಾನ್ಸ್‌ನವರು ಮನೆ ಬಾಗಿಲಿಗೆ ಬರುತ್ತಿದ್ದರು. ಬೈಯುತ್ತಿದ್ದರು, ಹೆದರಿಸುತ್ತಿದ್ದರು, ಅದೇನೂ ಒಳ್ಳೆಯದಲ್ಲ. ಆದರೂ ಅಪ್ಪ ಜಗುಲಿ ಮೇಲೆ ಕೂರಿಸಿ "ಅಡಿಕೆ ಮಾರಿದ ವಾರವೇ ಕಟ್ತೀನಿ ಸ್ವಾಮಿ" ಅಂದರೆ ಕೇಳುವ ಕಿವಿ ಇತ್ತು. ಈ ಡಬ್ಬಿಗೆ ಏನಂತ ಹೇಳುವುದು?

ಎರಡನೇ ದೊಡ್ಡ ಸಲ, 2023ರ ಸೆಪ್ಟೆಂಬರಿನಲ್ಲಿ, ತಪ್ಪು ನನ್ನದೇ. ಕೆಲಸದ ಗಂಟೆ ಕಡಿಮೆಯಾಗಿ ಕಂತು ನಾಲ್ಕು ದಿನ ತಡವಾಗಿತ್ತು. ಮಗನ ಮಣಿಕಟ್ಟು ಮುರಿದಿತ್ತು, ಪ್ಲಾಸ್ಟರ್ ತೋರಿಸಲು ಆಸ್ಪತ್ರೆಗೆ ಹೋದೆವು. ಬೀಗದ ಸೂಚನೆ ದಾರಿಯಲ್ಲೇ ಬಂದಿರಬೇಕು. ಓಡುವ ಕಾರಿಗೆ ಅದು ತಟ್ಟಲಿಲ್ಲ. ಆಸ್ಪತ್ರೆಯ ಪಾರ್ಕಿಂಗ್ ಕಟ್ಟಡದಲ್ಲಿ ಆಫ್ ಮಾಡಿದ್ದೇ ಕೊನೆ, ಮತ್ತೆ ಸ್ಟಾರ್ಟ್ ಆಗಲಿಲ್ಲ. ಆಸ್ಪತ್ರೆಯ ಒಳಗೆ ಹೋಗಿ ಫೋನಿನಲ್ಲೇ ಡೆಬಿಟ್ ಕಾರ್ಡಿನಿಂದ ಕಟ್ಟಿದೆ. ಅವರು ಬೀಗ ತೆಗೆದೆವು ಅಂದರು. ವಾಪಸ್ ಬಂದು ನೋಡಿದರೆ ಕೆಂಪು ದೀಪ ಹಾಗೇ ಇದೆ. ಸುತ್ತ ಕಾಂಕ್ರೀಟ್ ಗೋಡೆ, ಡಬ್ಬಿಯ ಸಿಮ್‌ಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಸೆಕ್ಯುರಿಟಿಯವರು ಇಬ್ಬರು ಬಂದರು. ಕೀ ಆನ್ ಮಾಡಿ ಬ್ರೇಕ್ ಒತ್ತಿದರೆ ಗೇರ್ ನ್ಯೂಟ್ರಲ್‌ಗೆ ಬರುತ್ತದೆ, ಅಷ್ಟಕ್ಕೆ ಬೀಗ ಅಡ್ಡಿ ಮಾಡುವುದಿಲ್ಲ. ಅವರು ತಳ್ಳಿದರು, ನಾನು ಸ್ಟೀರಿಂಗ್ ಹಿಡಿದೆ. ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು ಮಗ ಪಕ್ಕದಲ್ಲೇ ನಡೆದ. ಗೋಡೆ ಇಲ್ಲದ ಅಂಚಿಗೆ ಬಂದು ಸ್ವಲ್ಪ ಹೊತ್ತಿಗೆ ಡಬ್ಬಿ ಎರಡು ಸಲ ಚಿಕ್ಕದಾಗಿ ಚಿಲಿಪಿಲಿಗುಟ್ಟಿತು. ಕಾರು ಸ್ಟಾರ್ಟ್ ಆಯಿತು. ಪೂರ್ತಿ ನಲವತ್ತು ನಿಮಿಷ.

ನನ್ನ ಪಾಡು ಸಣ್ಣದು. ಇದೇ ಆಸ್ಟಿನ್‌ನಲ್ಲಿ 2010ರಲ್ಲಿ ಕೆಲಸ ಕಳೆದುಕೊಂಡ ಡೀಲರ್ ಸಿಬ್ಬಂದಿಯೊಬ್ಬ ಸಹೋದ್ಯೋಗಿಯ ಖಾತೆ ಬಳಸಿ ಈ ವ್ಯವಸ್ಥೆಯೊಳಗೆ ಹೋಗಿದ್ದ. ನೂರಕ್ಕೂ ಹೆಚ್ಚು ಗಿರಾಕಿಗಳ ಕಾರುಗಳು ಸ್ಟಾರ್ಟ್ ಆಗದೆ ನಿಂತವು, ಕೆಲವು ಹೊತ್ತಲ್ಲದ ಹೊತ್ತಿನಲ್ಲಿ ಹಾರ್ನ್ ಬಡಿದುಕೊಂಡವು. ಹಾರ್ನ್ ನಿಲ್ಲಿಸಲು ಜನ ಬ್ಯಾಟರಿ ಕಳಚಬೇಕಾಯಿತು. ಕಂತು ಸರಿಯಾಗಿ ಕಟ್ಟಿದವರೂ ಅದರಲ್ಲಿ ಸಿಕ್ಕಿಬಿದ್ದರು. 2023ರ ಆಗಸ್ಟಿನಲ್ಲಿ ಅಮೆರಿಕದ ಗ್ರಾಹಕ ಹಣಕಾಸು ರಕ್ಷಣಾ ಬ್ಯೂರೋ ಒಂದು ವಾಹನ ಸಾಲ ಸಂಸ್ಥೆಯ ಮೇಲೆ ಕೇಸು ಹಾಕಿತು. ಕನಿಷ್ಠ 7,500 ಸಲ ತಪ್ಪಾಗಿ ಕಾರು ಬಂದ್ ಮಾಡಿದ್ದಾರೆ, 71,000ಕ್ಕೂ ಹೆಚ್ಚು ಸಲ ಸುಮ್ನೆ ಬೀಪ್ ಹೊಡೆಸಿದ್ದಾರೆ ಅನ್ನುವುದು ಆರೋಪ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದುವರೆಗೆ ಎಲ್ಲೋ ನನ್ನದೇ ಅಜಾಗರೂಕತೆ ಅಂದುಕೊಂಡಿದ್ದೆ.

ಎಲ್ಲ ಕಡೆ ನಿಯಮ ಒಂದೇ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಡೀಲರ್‌ಗಳು ಬೀಗ ಹಾಕುವ 48 ಗಂಟೆ ಮೊದಲು ಕೊನೆಯ ಎಚ್ಚರಿಕೆ ಕೊಡಬೇಕು, ಬೀಗ ಬಿದ್ದ ಮೇಲೂ ತುರ್ತಿಗೆ 24 ಗಂಟೆ ಕಾರು ಓಡಲು ಬಿಡಬೇಕು ಅಂತ ಕಾನೂನೇ ಇದೆ. ನೀವಿರುವ ರಾಜ್ಯದಲ್ಲಿ ಏನಿದೆ ಅಂತ ಸಹಿ ಹಾಕುವ ಮೊದಲೇ ಕೇಳಿ.

ಇನ್ನೊಂದು ತೊಂದರೆ ಬ್ಯಾಟರಿಯದ್ದು. ಕಾರು ನಿಂತಿದ್ದರೂ ಡಬ್ಬಿ ಸ್ವಲ್ಪ ಸ್ವಲ್ಪ ಕರೆಂಟ್ ಹೀರುತ್ತಿರುತ್ತದೆ. ಮೂರು ವಾರ ತುಮಕೂರಿಗೆ ಹೋಗಿ ಬಂದಾಗ ಬ್ಯಾಟರಿ ಪೂರ್ತಿ ಸತ್ತಿತ್ತು. ನೋಡಲು ಬಂದ ಮೆಕ್ಯಾನಿಕ್ ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಬಿಟ್ಟು ತೋರಿಸಿದರು. ವೈರುಗಳನ್ನು ಹೊಸೆದು ಮೇಲೆ ಬರೀ ಟೇಪ್ ಸುತ್ತಿದ್ದರು. ಆಸ್ಟಿನ್ ಬಿಸಿಲಿಗೆ ಟೇಪಿನ ಅಂಟು ಕರಗಿ ಇಳಿದಿತ್ತು.

ಒಳ್ಳೆಯದನ್ನೂ ಹೇಳಬೇಕು. ಈ ಡಬ್ಬಿ ಇಲ್ಲದಿದ್ದರೆ ಆ ಡೀಲರ್ ನನಗೆ ಕಾರು ಕೊಡುತ್ತಲೇ ಇರಲಿಲ್ಲ. ಕಾರು ಇಲ್ಲದಿದ್ದರೆ ಕೆಲಸವೂ ಇಲ್ಲ. ಒಮ್ಮೆ ಅಪಾರ್ಟ್‌ಮೆಂಟಿನವರು ಕಾರನ್ನು ಟೋ ಮಾಡಿಸಿದ್ದಾಗ ಎಲ್ಲಿದೆ ಅಂತ ಜಿಪಿಎಸ್ ನೋಡಿ ಡೀಲರೇ ಹೇಳಿದರು.

ಆದರೆ 78 ಕಂತು ಕಟ್ಟಿದ್ದು ಕ್ರೆಡಿಟ್ ಬ್ಯೂರೋಗೆ, ಅಂದರೆ ಎಲ್ಲರ ಸಾಲದ ದಾಖಲೆ ಇಡುವ ಸಂಸ್ಥೆಗೆ, ಹೋಗಲೇ ಇಲ್ಲ. ಈ ಡೀಲರ್ ವರದಿ ಮಾಡುವುದಿಲ್ಲವಂತೆ. ತಡವಾದರೆ ಸೆಕೆಂಡಿನಲ್ಲಿ ಗೊತ್ತಾಗುವ ವ್ಯವಸ್ಥೆಗೆ ಸರಿಯಾಗಿ ಕಟ್ಟಿದ್ದನ್ನು ಬರೆದಿಡಲು ಆಗಲ್ವಾ? ಮೂರು ವರ್ಷದಲ್ಲಿ ನನಗೆ ಅತಿ ಹೆಚ್ಚು ನೋವಾದ ವಿಷಯ ಇದು, ಪಾರ್ಕಿಂಗ್‌ನಲ್ಲಿ ಕಾರು ತಳ್ಳಿಸಿದ್ದಕ್ಕಿಂತ ಜಾಸ್ತಿ.

ಬೇರೆ ದಾರಿ ಇಲ್ಲದೆ ಇಂಥ ಕಾರನ್ನೇ ತೆಗೆದುಕೊಳ್ಳುವವರಿಗೆ ನಾನು ಹೇಳುವುದು ಇಷ್ಟು. ಕಂತಿನ ದಿನವನ್ನು ಮಂಗಳವಾರಕ್ಕೋ ಬುಧವಾರಕ್ಕೋ ಹಾಕಿಸಿಕೊಳ್ಳಿ, ಶುಕ್ರವಾರ ಮಾತ್ರ ಬೇಡ. ಡೆಬಿಟ್ ಕಾರ್ಡಿನಲ್ಲೇ ಕಟ್ಟಿ, ತಕ್ಷಣ ಜಮೆಯಾಗುತ್ತದೆ. ತುರ್ತು ಬಟನ್ ತಿಂಗಳಿಗೆ ಎಷ್ಟು ಸಲ ಅಂತ ಬರಹದಲ್ಲಿ ತೆಗೆದುಕೊಳ್ಳಿ. ಕಂತು ಮುಗಿದ ಮೇಲೆ ಡಬ್ಬಿ ಯಾರು ಬಿಚ್ಚುತ್ತಾರೆ, ದುಡ್ಡು ಯಾರದ್ದು ಅನ್ನುವುದನ್ನೂ ಬರೆಸಿಕೊಳ್ಳಿ. ನೀವೇ ಬಿಚ್ಚಲು ಹೋಗಬೇಡಿ, ಸಾಲ ಇರುವಾಗ ಬಿಚ್ಚಿದರೆ ಒಪ್ಪಂದ ಮುರಿದ ಹಾಗೆ.

ನನ್ನ ಕೊನೆಯ ಕಂತು 2025ರ ಮಾರ್ಚಿನಲ್ಲಿ ಮುಗಿಯಿತು. ಡಬ್ಬಿ ಬಿಚ್ಚಿಸಿಕೊಳ್ಳಲು ಐದು ವಾರ, ಏಳು ಫೋನ್ ಕಾಲ್ ಬೇಕಾಯಿತು. ಬಿಚ್ಚಿದವರ ಹತ್ತಿರ ಕತ್ತರಿಸಿದ ವೈರನ್ನು ಸರಿಯಾಗಿ ಬೆಸುಗೆ ಹಾಕಿಸಿಕೊಂಡೆ, ಮುಗಿಯುವ ತನಕ ಪಕ್ಕದಲ್ಲೇ ನಿಂತಿದ್ದೆ. ಐದರಲ್ಲಿ ಒಂದು ನಕ್ಷತ್ರ ಕೊಡುತ್ತೇನೆ, ಅದೂ ಕಾರು ಸಿಕ್ಕಿತಲ್ಲ ಅನ್ನುವುದಕ್ಕೆ. ಡಬ್ಬಿ ಹೋಗಿ ನಾಲ್ಕು ತಿಂಗಳಾದರೂ ಕೀ ತಿರುಗಿಸುವ ಮುಂಚೆ ನನ್ನ ಕಣ್ಣು ಸ್ಟೀರಿಂಗ್ ಕೆಳಗೆ ಹೋಗುತ್ತದೆ. ಸ್ಕ್ರೂ ಹಾಕಿದ್ದ ಎರಡು ತೂತು ಅಲ್ಲೇ ಇವೆ.