ಮೂರು ಅಂತಸ್ತಿನ ರೆಡಿಮೇಡ್ ಮೊಲದ ಪಂಜರ: ತೊಳೆಯುವವರಿಗೆ ಸಲೀಸು, ಮೊಲಕ್ಕೆ ಸಂಕಟ

ಐದಕ್ಕೆ ಎರಡು ಸ್ಟಾರ್. ಅದೂ ಪೂರ್ತಿ ಶುಚಿತ್ವದ ಲೆಕ್ಕದಲ್ಲಿ.

ಇದು ಜಿಐ (ಸತುವಿನ ಲೇಪವಿರುವ ಕಬ್ಬಿಣದ) ತಂತಿಯ ಪಂಜರ. ಒಂದರ ಮೇಲೊಂದು ಮೂರು ಅಂತಸ್ತು, ಅಂತಸ್ತಿಗೆ ನಾಲ್ಕು ಖಾನೆ. ಒಂದೊಂದು ಖಾನೆ ಎರಡಡಿ ಉದ್ದ, ಎರಡಡಿ ಅಗಲ, 14 ಇಂಚು ಎತ್ತರ. ಜೊತೆಗೆ ನೀರು ಕುಡಿಯುವ ನಿಪ್ಪಲ್, ಪೈಪು, ಪೆಲೆಟ್ (ಗುಳಿಗೆಯಂಥ ಸಿದ್ಧ ಮೇವು) ಹಾಕುವ ಡಬ್ಬಿ, ಕೆಳಗೆ ಟ್ರೇ ಕೊಡುತ್ತಾರೆ. ಜೋಡಿಸುವುದು ಕಷ್ಟವಿಲ್ಲ, ಬಾಗಿಲಿನ ಚಿಲಕ ಗಟ್ಟಿಯಾಗಿದೆ, ನಿಪ್ಪಲ್ ಸೋರುವುದಿಲ್ಲ. ಹಿಕ್ಕೆ, ಮೂತ್ರ ಜಾಲರಿಯಿಂದ ನೇರ ಕೆಳಗೆ ಬೀಳುತ್ತವೆ. ಇದನ್ನು ಸಣ್ಣ ವಿಷಯ ಅನ್ನಬೇಡಿ. ಮರಿಗಳ ಹೊಟ್ಟೆ ಕೆಡಿಸಿ ಕೊಲ್ಲುವ ಕಾಕ್ಸಿಡಿಯೋಸಿಸ್ ಎಂಬ ರೋಗ ಹರಡುವುದೇ ಹಿಕ್ಕೆಯಿಂದ. ಅದರ ಸಂಪರ್ಕ ಕಡಿಮೆಯಾದಷ್ಟೂ ಮರಿ ಉಳಿಯುತ್ತವೆ. ನಾನು ಕೊಟ್ಟ ಎರಡು ಸ್ಟಾರ್ ಇದಕ್ಕೇ.

ಇನ್ನು ನೆಲದ ಮಾತು. ನಾಯಿ, ಬೆಕ್ಕಿಗಿರುವ ಮೆತ್ತನೆಯ ಅಂಗಾಲು ಮೊಲಕ್ಕಿಲ್ಲ. ಪಾದದಡಿ ಇರುವುದು ಬರೀ ಒತ್ತಾದ ಕೂದಲು. ಮಣ್ಣಿನ ಮೇಲೆ ಅಷ್ಟು ಸಾಕು. ತಂತಿಯ ಮೇಲೆ ಇಡೀ ಮೈಭಾರ ನಾಲ್ಕೈದು ಗೆರೆಗಳ ಮೇಲೆ ನಿಲ್ಲುತ್ತದೆ. ನಮ್ಮ ಬಿಳಿ ತಾಯಿ ಮೊಲವನ್ನು ಮಗುಚಿ ಹಿಡಿದು ನೋಡಿದಾಗ ಹಿಂಗಾಲಿನ ಹಿಮ್ಮಡಿಯ ಬಳಿ ಕೂದಲು ಸವೆದು, ನಾಣ್ಯದಗಲ ಚರ್ಮ ಕೆಂಪಾಗಿ ಹೊಳೆಯುತ್ತಿತ್ತು. ಇನ್ನಷ್ಟು ದಿನ ಬಿಟ್ಟಿದ್ದರೆ ಹುಣ್ಣಾಗಿ ಕೀವು ತುಂಬುವುದೇ. ಆ ನೋವಿರುವ ಮೊಲ ಕೂಗುವುದಿಲ್ಲ. ಭಾರವನ್ನು ಮುಂಗಾಲಿಗೆ ಹಾಕಿ ಕೂರುತ್ತದೆ, ಆಮೇಲೆ ಮೇವು ಕಡಿಮೆ ಮಾಡುತ್ತದೆ. ದಪ್ಪ ತಳಿಗಳಿಗೆ ಇದು ಇನ್ನೂ ಬೇಗ ಬರುತ್ತದೆ. ತೂತುಗಳಿರುವ ಪ್ಲಾಸ್ಟಿಕ್ ಮ್ಯಾಟ್ ತರಿಸಿ ಅರ್ಧ ನೆಲಕ್ಕೆ ಕ್ಲಿಪ್ ಹಾಕಿ ಕೂರಿಸಿದೆ. ಇನ್ನರ್ಧ ಜಾಲರಿ ಖಾಲಿಯಿದ್ದರೂ ಎಲ್ಲ ಮೊಲಗಳೂ ಹೋಗಿ ಮಲಗುವುದು ಮ್ಯಾಟಿನ ಮೇಲೇ. ಮ್ಯಾಟಿಗೆ ಹಿಕ್ಕೆ ಅಂಟುತ್ತದೆ, ಆಗಾಗ ಬಿಚ್ಚಿ ತೊಳೆದು ಒಣಗಿಸಬೇಕು. ತೊಳೆಯೋಣ, ಅದಕ್ಕೇನಂತೆ! ಈ ಮ್ಯಾಟನ್ನು ಪಂಜರದ ಜೊತೆಗೇ ಕೊಡದೆ ಮಾರುವುದು ತಪ್ಪು.

14 ಇಂಚು ಎತ್ತರದಲ್ಲಿ ಬೆಳೆದ ಮೊಲ ಕೂತು ಕಿವಿ ನಿಮಿರಿಸಿದರೆ ಕಿವಿ ತುದಿ ಮೇಲಿನ ಜಾಲರಿಗೆ ತಾಗುತ್ತದೆ. ಹಿಂಗಾಲಿನ ಮೇಲೆ ಎದ್ದು ನಿಂತು ಸುತ್ತ ನೋಡುವುದು ಮೊಲದ ಹುಟ್ಟುಗುಣ; ಅದಿಲ್ಲಿ ಸಾಧ್ಯವೇ ಇಲ್ಲ. ಒಂದು ಜಿಗಿತ ಹಾಕುವಷ್ಟರಲ್ಲಿ ಎದುರಿನ ಗೋಡೆ ಬರುತ್ತದೆ. ಹೀಗೆ ಅಲುಗಾಡದೆ ಬೆಳೆದವುಗಳ ಮೂಳೆ ತೆಳುವಾಗುತ್ತದೆ, ಬೆನ್ನೆಲುಬು ಸೊಟ್ಟಗಾಗುವುದೂ ಉಂಟು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ಸಾಕಣೆಯ ಬೇರೆಬೇರೆ ವಿಧಾನಗಳನ್ನು ಹೋಲಿಸಿ ನೋಡಿತು. ಬೆಳೆದ ಮೊಲಗಳ ಕ್ಷೇಮ ಎಲ್ಲಕ್ಕಿಂತ ಕಡಿಮೆ ಇದ್ದದ್ದು ಇಂಥ ಮಾಮೂಲಿ ಪಂಜರದಲ್ಲೇ, ಓಡಾಟಕ್ಕೆ ಜಾಗವಿಲ್ಲದ್ದೇ ಅದರ ಮುಖ್ಯ ಕಾರಣ. ಆಸ್ಟ್ರಿಯಾ 2012ರಿಂದಲೇ ಮಾಂಸದ ಮೊಲಗಳನ್ನು ಪಂಜರದಲ್ಲಿ ಸಾಕುವುದನ್ನು ನಿಷೇಧಿಸಿದೆ. ಹಾಗಿದ್ದೂ ಅದೇ ಹಳೆಯ ಅಳತೆಯ ಪಂಜರ ಇನ್ನೂ ತಯಾರಾಗುತ್ತಿದೆ ಅನ್ನುವುದೇ ನನಗೆ ಬೇಸರ.

ನಾನು ಮಾಡಿದ್ದಿಷ್ಟು: ಅಕ್ಕಪಕ್ಕದ ಎರಡೆರಡು ಖಾನೆಗಳ ನಡುವಿನ ಜಾಲರಿ ಕತ್ತರಿಸಿ ಒಂದು ಮಾಡಿದೆ, ಕತ್ತರಿಸಿದ ತುದಿಗಳನ್ನು ಅರದಲ್ಲಿ ಉಜ್ಜಿ ನಯ ಮಾಡಿದೆ. ನಡುವಿನ ಅಂತಸ್ತನ್ನೇ ತೆಗೆದುಹಾಕಿ ಎತ್ತರ ಹೆಚ್ಚಿಸಿದೆ. ಸಾಕುವ ಮೊಲಗಳ ಸಂಖ್ಯೆ ಇಳಿಯಿತು, ಇಳಿಯಲಿ. ಹಾಲು ಬಿಡಿಸಿದ ಮರಿಗಳು ಒಟ್ಟಿಗೆ ಸೇರಿ ಗಾಳಿಯಲ್ಲೇ ಮೈ ತಿರುಚಿ ಹಾರುವುದನ್ನು ನೋಡಿದರೆ ಆ ಲೆಕ್ಕವೆಲ್ಲ ಮರೆತುಹೋಗುತ್ತದೆ. ಆದರೆ ಎಲ್ಲವನ್ನೂ ಒಟ್ಟಿಗೆ ಬಿಡಬೇಡಿ. ಪ್ರಾಯಕ್ಕೆ ಬಂದ ಗಂಡುಗಳು ಕಚ್ಚಾಡಿ ಗಾಯ ಮಾಡಿಕೊಳ್ಳುತ್ತವೆ, ಪರಿಚಯವಿಲ್ಲದ ಹೆಣ್ಣುಗಳೂ ಅಷ್ಟೇ. ಅಂಥವಕ್ಕೆ ನಡುವಿನ ಜಾಲರಿ ಇರಲಿ. ಆಚೆ ಈಚೆ ಮೈ ತಾಗಿಸಿಕೊಂಡು ಮಲಗುತ್ತವೆ.

ಈ ಪಂಜರ ತಾಯಿ ಮೊಲಕ್ಕಂತೂ ಹೇಳಿ ಮಾಡಿಸಿದ್ದಲ್ಲ. ಗಬ್ಬದ ಅವಧಿ ಸುಮಾರು 31 ದಿನ. ಅದು ಮುಗಿಯುವ ಮೂರು ದಿನ ಮುಂಚೆಯಾದರೂ ಮರಿ ಹಾಕುವ ಪೆಟ್ಟಿಗೆ ಒಳಗಿರಬೇಕು, ತಾಯಿ ತನ್ನ ಮೈಯ ಕೂದಲು ಕಿತ್ತು ಹಾಸಿಗೆ ಮಾಡಿಕೊಳ್ಳುತ್ತದೆ. ಸೆಟ್ಟಿನಲ್ಲಿ ಪೆಟ್ಟಿಗೆಯೇ ಇಲ್ಲ. ಪಕ್ಕದ ಜಾಲರಿಯ ಕಣ್ಣು ಬುಡದವರೆಗೂ ದೊಡ್ಡದಿದ್ದು, ಮೈಮೇಲೆ ಕೂದಲಿಲ್ಲದ, ಕಣ್ಣು ಬಿಡದ ಮರಿ ನುಸುಳಿ ಹೊರಗೆ ಬೀಳುತ್ತದೆ. ಬುಡದ ನಾಲ್ಕು ಇಂಚಿಗೆ ಸಣ್ಣ ಕಣ್ಣಿನ ಜಾಲರಿ ಹಾಕಲು ತಯಾರಕರಿಗೆ ಎಷ್ಟು ತಂತಿ ಹೆಚ್ಚು ಬೇಕು? ಇನ್ನೊಂದು ವಿಷಯ. ತಾಯಿ ಹಾಲು ಕೊಡುವುದು ಸಾಮಾನ್ಯವಾಗಿ ದಿನಕ್ಕೊಮ್ಮೆ, ಮೂರು ನಾಲ್ಕು ನಿಮಿಷ ಮಾತ್ರ. ಉಳಿದ ಹೊತ್ತು ಮರಿಗಳಿಂದ ದೂರವಿರುವುದು ಅದರ ಸ್ವಭಾವ. ಕಾಡಿನಲ್ಲಾದರೆ ಬಿಲದ ಬಾಯಿ ಮುಚ್ಚಿ ಹೊರಟುಹೋಗುತ್ತದೆ. ಇಲ್ಲಿ ಎಲ್ಲಿಗೆ ಹೋಗಬೇಕು? ಹತ್ತಿ ಕೂರಲು ಒಂದು ಅಟ್ಟಣಿಗೆ ಕಟ್ಟಿಕೊಟ್ಟ ಮೇಲೆ ನಮ್ಮ ತಾಯಂದಿರು ನೆಮ್ಮದಿಯಾದರು.

ಹುಲ್ಲು ಸಿಕ್ಕಿಸುವ ಸ್ಟ್ಯಾಂಡ್ ಕೂಡ ಇಲ್ಲ. ಜೀವಮಾನವಿಡೀ ಹಲ್ಲು ಬೆಳೆಯುವ ಪ್ರಾಣಿಗೆ ಬರೀ ಪೆಲೆಟ್ ಹಾಕಿದರೆ ತಂತಿ ಕಡಿಯದೆ ಇನ್ನೇನು ಮಾಡೀತು? ಒಣಹುಲ್ಲು, ಮರದ ತುಂಡು ಕೊಟ್ಟ ಮೇಲೆ ರಾತ್ರಿಯ ಕಟಕಟ ಸದ್ದು ಬಹುತೇಕ ನಿಂತಿತು.

ಟ್ರೇಗಳಿಗೆ ಇಳಿಜಾರು ಸಾಲದು. ಮೂತ್ರ ನಿಂತು ಅಮೋನಿಯಾ ಏಳುತ್ತದೆ, ಕೆಳಗಿನ ಅಂತಸ್ತಿನವಕ್ಕೆ ಕಣ್ಣು ಮೂಗು ಸೋರುತ್ತದೆ. ಮೇಲಿನ ಅಂತಸ್ತಿಗೆ ಸೆಖೆ. ಮೊಲ ಬೆವರುವುದಿಲ್ಲ, ಹೆಚ್ಚಾಗಿ ಕಿವಿಯಿಂದಲೇ ಕಾವು ಬಿಡಬೇಕು, 30 ಡಿಗ್ರಿ ದಾಟಿದರೆ ಏದುಸಿರು ಶುರು. ಮೊಲ ಒಂದೇ ಮೂಲೆಯಲ್ಲಿ ಉಚ್ಚೆ ಹೊಯ್ಯುವುದರಿಂದ ತುಕ್ಕು ಅಲ್ಲಿಂದಲೇ ಹಿಡಿಯುತ್ತದೆ, ತರುವಾಗ ಆ ಮೂಲೆಗಳ ವೆಲ್ಡಿಂಗ್ ನೋಡಿಕೊಳ್ಳಿ.

ಇದ್ದದ್ದನ್ನು ಇದ್ದ ಹಾಗೆ ಬಳಸುವವರು ಕೊಳ್ಳಲೇಬೇಡಿ. ಕತ್ತರಿಸಿ ಜೋಡಿಸುವ ತಾಳ್ಮೆ ಇದ್ದವರು ಎರಡು ಅಂತಸ್ತಿನದನ್ನೇ ಕೇಳಿ, ಮ್ಯಾಟುಗಳನ್ನು ಅದರ ಜೊತೆಗೇ ತರಿಸಿ, ಮೊಲಗಳನ್ನು ಅದರ ನಂತರ ತನ್ನಿ.