ಔಟಾದ ಮಕ್ಕಳು ಎಂತ ಮಾಡುತ್ತಾರೆ ನೋಡಿ: ಮಂಗಳೂರಿನ ಒಂದು ಮಕ್ಕಳ ಕಬಡ್ಡಿ ತರಬೇತಿಯ ಬಗ್ಗೆ

ಮಕ್ಕಳನ್ನು ಕಬಡ್ಡಿಗೆ ಸೇರಿಸಬೇಕು ಅಂತ ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ವಾಮಂಜೂರು ಕಡೆ ಒಂದು ಶಾಲೆಯ ಮೈದಾನದಲ್ಲಿ ಸಂಜೆ ಹೊತ್ತು ನಡೆಯುವ ಈ ತರಬೇತಿಗೆ ಧೈರ್ಯವಾಗಿ ಕಳುಹಿಸಿ. ಕೋಚ್ ತಮ್ಮ ಹೆಸರು ಎಲ್ಲೂ ಹಾಕಬೇಡಿ ಅಂದಿದ್ದಾರೆ, ಈಗಲೇ ಮಕ್ಕಳು ಜಾಸ್ತಿಯಾಗಿ ಮ್ಯಾಟ್ ಸಾಲುತ್ತಿಲ್ಲವಂತೆ. ಹಾಗಾಗಿ ಹೆಸರಿಲ್ಲದೆ ಬರೆಯುತ್ತಿದ್ದೇನೆ. ಆ ಕಡೆಯವರಿಗೆ ಯಾರ ಬಳಿ ಕೇಳಿದರೂ ಗೊತ್ತಾಗುತ್ತದೆ. ದೂರದವರಿಗೆ ತಮ್ಮ ಊರಿನಲ್ಲಿ ಕೋಚಿಂಗ್ ಹುಡುಕುವಾಗ ಎಂತ ನೋಡಬೇಕು ಅಂತ ಇದರಿಂದ ಸ್ವಲ್ಪ ಸಿಕ್ಕಿದರೂ ಒಳ್ಳೆಯದೇ.

ನನ್ನ ಮಗ ಎಂಟನೇ ಕ್ಲಾಸ್, ನಾದಿನಿಯ ಮಗಳು ಆರನೇ ಕ್ಲಾಸ್. ಇಬ್ಬರೂ ಇಲ್ಲಿಗೇ ಬರುತ್ತಾರೆ. ಮಗ ಇದಕ್ಕೂ ಮೊದಲು ಬೇರೆ ಕಡೆ ಹೋಗುತ್ತಿದ್ದ. ಅಲ್ಲಿ ಆಟ ಚೆನ್ನಾಗಿಯೇ ಹೇಳಿಕೊಡುತ್ತಿದ್ದರು, ಸುಳ್ಳು ಹೇಳಬಾರದು. ಆದರೆ ಪಂದ್ಯಾಟ ಹತ್ತಿರ ಬಂತು ಅಂದರೆ ತೂಕದ್ದೇ ತಲೆಬಿಸಿ. ನಮ್ಮ ಊರುಗಳ ಪಂದ್ಯಾಟದ ಫ್ಲೆಕ್ಸ್ ನೋಡಿದ್ದೀರಲ್ಲ, 55 ಕೆ.ಜಿ. ವಿಭಾಗ, 60 ಕೆ.ಜಿ. ವಿಭಾಗ ಅಂತ ದೊಡ್ಡ ಅಕ್ಷರದಲ್ಲಿ ಇರುತ್ತದೆ. ಇವನು ಬೆಳೆಯುವ ಹುಡುಗ, ಗಡಿಯಿಂದ ಸ್ವಲ್ಪ ಮೇಲೆ ಹೋಗಿದ್ದ. ರಾತ್ರಿ ಊಟ ಬಿಡು, ನೀರು ಕಡಿಮೆ ಕುಡಿ, ಬಿಸಿಲಲ್ಲಿ ಜರ್ಕಿನ್ ಹಾಕಿಕೊಂಡು ಓಡು ಅಂತ ಹೇಳಿ ಕಳುಹಿಸಿದ್ದರು. ತೂಕ ಇಳಿಯಿತು. ಹಾಗೆ ದಿಢೀರ್ ಇಳಿಯುವುದು ಮೈಯ ನೀರು. ನೀರಿಲ್ಲದ ಮೈಯಲ್ಲಿ ಸ್ನಾಯು ಹಿಡಿದುಕೊಳ್ಳುತ್ತದೆ, ತಲೆ ಸುತ್ತುತ್ತದೆ, ನಮ್ಮ ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ ಇದು ಅಪಾಯದ ವಿಷಯ. ಆಟದ ನಡುವೆ ಅವನಿಗೆ ಮೀನಖಂಡ ಹಿಡಿದುಕೊಂಡು ಕುಸಿದಾಗ ಸ್ವಂತ ತಂಡದ ಮಕ್ಕಳೇ ‘ನಾಟಕ’ ಅಂತ ನಕ್ಕರು. ಮಕ್ಕಳನ್ನು ಬೈದು ಪ್ರಯೋಜನ ಇಲ್ಲ. ದೊಡ್ಡವರು ಹೇಗೆ ಮಾತಾಡುತ್ತಾರೋ ಮಕ್ಕಳೂ ಹಾಗೇ ಮಾತಾಡುತ್ತಾರೆ ಅಲ್ವಾ?

ಇಲ್ಲಿ ಸೇರಿಸಲು ಹೋದ ದಿನ ನಾನು ಮೊದಲು ಕೇಳಿದ್ದೇ ತೂಕದ ವಿಷಯ. ಕೋಚ್ ಒಂದೇ ಮಾತು ಹೇಳಿದರು, “ಅಕ್ಕಾ, ಈ ವಯಸ್ಸಲ್ಲಿ ತೂಕ ಏರಲೇಬೇಕು. ಏರಿದರೆ ವಿಭಾಗ ಬದಲು ಮಾಡುವ, ಊಟ ಬದಲು ಮಾಡುವುದು ಬೇಡ.” ಮೇಲಿನ ವಿಭಾಗಕ್ಕೆ ಹೋದರೆ ಅವನಿಗೆ ಆಡುವ ಏಳು ಜನರಲ್ಲಿ ಜಾಗ ಸಿಗಲಿಕ್ಕಿಲ್ಲ, ಸ್ವಲ್ಪ ಸಮಯ ಹೊರಗೆ ಕೂರಬೇಕಾದೀತು ಅಂತಲೂ ಅವತ್ತೇ ಹೇಳಿದರು. ಈ ಎರಡನೇ ಮಾತು ನನಗೆ ಇನ್ನೂ ಇಷ್ಟವಾಯಿತು. ಸುಮ್ನೆ ಆಸೆ ತೋರಿಸಿ ಫೀಸ್ ತೆಗೆದುಕೊಳ್ಳುವವರು ಬೇಕಾದಷ್ಟು ಇದ್ದಾರೆ. ಇಲ್ಲಿ ತೂಕ ನೋಡುವುದು ಶಾಲೆಯ ಒಂದು ಕೋಣೆಯಲ್ಲಿ, ಎಲ್ಲರ ಮುಂದೆ ನಿಲ್ಲಿಸಿ ಕೂಗುವುದಿಲ್ಲ. ಡುಮ್ಮ, ಕಡ್ಡಿ ಅಂತ ಯಾರೂ ಯಾರನ್ನೂ ಕರೆಯುವ ಹಾಗಿಲ್ಲ. ಆಟಕ್ಕೆ ಬರುವ ಮೊದಲು ಗಂಜಿ ಊಟ ಮಾಡಿದ್ದೀಯಾ, ಬಾಳೆಹಣ್ಣು ತಿಂದಿದ್ದೀಯಾ ಅಂತ ಕೇಳುತ್ತಾರೆ. ತಿನ್ನದೆ ಬಂದವರಿಗೆ ಅವತ್ತು ಓಟ ಇಲ್ಲ.

ಈಗ ನಾನು ಮುಖ್ಯವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಯಾವ ಕಬಡ್ಡಿ ಕೋಚಿಂಗ್ ನೋಡಲು ಹೋದರೂ, ಎದುರಿನವರನ್ನು ಮುಟ್ಟಿ ಬರಲು ಅವರ ಅಂಕಣಕ್ಕೆ ನುಗ್ಗುವ ರೈಡರ್‌ನನ್ನು ನೋಡಬೇಡಿ. ಔಟಾಗಿ ಹೊರಗೆ ಕುಳಿತ ಮಕ್ಕಳನ್ನು ನೋಡಿ. ಕಬಡ್ಡಿಯಲ್ಲಿ ಔಟಾದರೆ ಆಟ ಮುಗಿಯುವುದಿಲ್ಲ. ನಮ್ಮವರು ಎದುರಿನವರಲ್ಲಿ ಒಬ್ಬನನ್ನು ಔಟ್ ಮಾಡಿದರೆ ನಮ್ಮವನೊಬ್ಬ ಒಳಗೆ ಬರುತ್ತಾನೆ, ಅದೂ ಔಟಾದ ಸಾಲಿನಲ್ಲೇ, ಮೊದಲು ಹೋದವನು ಮೊದಲು. ಏಳೂ ಜನ ಔಟಾದರೆ ಲೋನ, ಎದುರಿನವರಿಗೆ ಇನ್ನೂ 2 ಪಾಯಿಂಟ್ ಜಾಸ್ತಿ. ಅಂದರೆ ಹೊರಗೆ ಕುಳಿತವನು ಒಳಗೆ ಬರುವುದು ಗೆಳೆಯನ ಕೈಯಲ್ಲಿ ಉಂಟು. ಇಷ್ಟು ಚೆಂದದ ನಿಯಮ ಇರುವ ಆಟದಲ್ಲಿ ಹೆಚ್ಚಿನ ಕಡೆ ಔಟಾದ ಮಗು ತಲೆ ತಗ್ಗಿಸಿ ಹುಲ್ಲು ಕೀಳುತ್ತಾ ಕೂತಿರುತ್ತದೆ. ಇಲ್ಲವಾದರೆ ಕೋಚ್ ಪಕ್ಕದಲ್ಲಿ ನಿಂತು ಬೈಗುಳ ತಿನ್ನುತ್ತಿರುತ್ತದೆ.

ಇಲ್ಲಿ ಔಟಾದವರಿಗೆ ಕೆಲಸ ಇದೆ. ಎದುರಿನ ರೈಡರ್ ಯಾವ ಕಡೆಯಿಂದ ಒಳಗೆ ಬರುತ್ತಾನೆ, ದಾಟಿದರೆ ಹೆಚ್ಚುವರಿ ಪಾಯಿಂಟ್ ಸಿಗುವ ಬೋನಸ್ ಲೈನ್‌ಗೆ ಯಾವ ಕಾಲು ಹಾಕುತ್ತಾನೆ, ಅವರ ಕಾರ್ನರ್ (ಸಾಲಿನ ತುದಿಯಲ್ಲಿ ನಿಲ್ಲುವವನು) ಅವಸರ ಮಾಡುತ್ತಾನಾ, ಕೈ ಕೈ ಹಿಡಿದು ನಿಂತ ಚೈನ್ ಎಲ್ಲಿ ಬಿಟ್ಟುಹೋಗುತ್ತದೆ, ಇದನ್ನೆಲ್ಲ ನೋಡಿಟ್ಟುಕೊಳ್ಳಬೇಕು. ಒಳಗೆ ಬಂದ ಕೂಡಲೇ ಪಕ್ಕದವನಿಗೆ ಹೇಳಬೇಕು. ಮೊದಮೊದಲು ಮಕ್ಕಳು ಸುಮ್ಮನೆ ಏನೋ ಒಂದು ಹೇಳುತ್ತಿದ್ದರಂತೆ. ಈಗ ನೋಡಬೇಕು ನೀವು. ನಾನು ಕಟ್ಟೆ ಮೇಲೆ ಕೂತು ಕೇಳಿಸಿಕೊಂಡಿದ್ದೇನೆ, ಐದನೇ ಕ್ಲಾಸ್ ಹುಡುಗನೊಬ್ಬ ಒಳಗೆ ಹೋಗುತ್ತಲೇ ಹತ್ತನೇ ಕ್ಲಾಸ್ ಹುಡುಗನಿಗೆ “ಅಣ್ಣಾ, ಅವನು ಎಡಗಾಲಲ್ಲೇ ಬೋನಸ್ ತೆಗೆಯುವುದು, ಆ ಕಾಲು ಬರುವವರೆಗೆ ಕಾಯಿ” ಅಂದ. ದೊಡ್ಡವನು ತಲೆಯಾಡಿಸಿ ಕಾದ, ಆಂಕಲ್ (ಪಾದದ ಗಂಟು) ಹಿಡಿದ. ಆ ಸಣ್ಣವನ ಮುಖದಲ್ಲಿ ಆಗ ಕಂಡದ್ದನ್ನು ನಾನು ಬರೆದು ತೋರಿಸಲಾರೆ.

ಇನ್ನೊಂದು, ಕೋಚ್ ಹತ್ತಿರ ಒಂದು ಪುಸ್ತಕ ಇದೆ. ಸ್ಕೋರ್ ಬರೆಯುವ ಪುಸ್ತಕ ಅಲ್ಲ ಅದು. ಟ್ಯಾಕಲ್ ಆದರೆ, ಅಂದರೆ ರೈಡರ್ ಸಿಕ್ಕಿಬಿದ್ದರೆ, ಲೆಕ್ಕದಲ್ಲಿ ಪಾಯಿಂಟ್ ಒಬ್ಬನ ಹೆಸರಿಗೆ ಹೋಗುತ್ತದೆ, ಮೊದಲು ಹಿಡಿದವನಿಗೆ. ಆದರೆ ಕಾರ್ನರ್ ಕಾಲು ಹಿಡಿದಾಗ ಪಕ್ಕದಿಂದ ಕವರ್ ಜಾಗದ ಆಟಗಾರ ಬಂದು ದಾರಿ ಮುಚ್ಚದಿದ್ದರೆ ಒಳ್ಳೆಯ ರೈಡರ್ ಅವನನ್ನೂ ಎಳೆದುಕೊಂಡೇ ನಡುಗೆರೆ ಮುಟ್ಟುತ್ತಾನೆ. ಆ ಪುಸ್ತಕದಲ್ಲಿ ಬರೆಯುವುದು ಈ ಎರಡನೆಯವರ, ಮೂರನೆಯವರ ಹೆಸರು. ಯಾರು ಸಹಾಯಕ್ಕೆ ಬಂದರು, ಯಾರು ಚೈನ್‌ನಲ್ಲಿ ಕೈ ಬಿಡಲಿಲ್ಲ, ಬಿದ್ದವನನ್ನು ಯಾರು ಎಬ್ಬಿಸಿದರು. ಶನಿವಾರ ಕೊನೆಗೆ ಅದನ್ನು ಓದುತ್ತಾರೆ. ಬಹುಮಾನ ಎಂತದ್ದೂ ಇಲ್ಲ, ಹೆಸರು ಓದುವುದು ಅಷ್ಟೇ. ಮಕ್ಕಳು ಅದಕ್ಕೆ ಕಾಯುತ್ತಾರೆ. ನನ್ನ ಮಗ ಇವತ್ತಿಗೂ ಒಳ್ಳೆಯ ರೈಡರ್ ಅಲ್ಲ, ಆದರೆ ಆ ಪುಸ್ತಕದಲ್ಲಿ ಅವನ ಹೆಸರು ಬಂದ ವಾರ ಮನೆಯಲ್ಲಿ ಅವನ ಮಾತೇ ಬೇರೆ ಇರುತ್ತದೆ.

ಇದೆಲ್ಲ ಅಭ್ಯಾಸದಲ್ಲಿ ಸರಿ, ಪಂದ್ಯಾಟದಲ್ಲಿ ಹೇಗೆ ಅಂತ ನನಗೂ ಅನುಮಾನ ಇತ್ತು. ಬಜಪೆ ಕಡೆ ಒಂದು ಹೊನಲು ಬೆಳಕಿನ ಪಂದ್ಯಾಟಕ್ಕೆ ನಾವು ಮನೆಯವರೆಲ್ಲ ಹೋಗಿದ್ದೆವು. ಸೆಮಿಫೈನಲ್, ಕೊನೆಯ ನಿಮಿಷ, ನಮ್ಮವರು ಒಂದು ಪಾಯಿಂಟ್ ಹಿಂದೆ. ಹಿಂದಿನ ಎರಡು ರೈಡ್ ಖಾಲಿ ಹೋಗಿದ್ದರಿಂದ ಅದು ಡು ಆರ್ ಡೈ ರೈಡ್. ಪಾಯಿಂಟ್ ತರದಿದ್ದರೆ ರೈಡರ್ ಔಟ್. ಹೋದವನು ಒಂಬತ್ತನೇ ಕ್ಲಾಸ್ ಹುಡುಗ. ಕೊಪ್ಪಳದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಮನೆಯವನು, ಅವನಿಂದ ಫೀಸ್ ತೆಗೆದುಕೊಳ್ಳುತ್ತಿಲ್ಲ ಅಂತ ಬಹಳ ಸಮಯದ ನಂತರ ನನಗೆ ಬೇರೆಯವರಿಂದ ಗೊತ್ತಾಯಿತು. 30 ಸೆಕೆಂಡ್ ಮುಗಿಯುತ್ತಾ ಬಂತು, ಅವನು ಯಾರನ್ನೂ ಮುಟ್ಟಲಿಲ್ಲ, ಹಿಂದೆ ಬರಲು ತಿರುಗಿದ, ಸಿಕ್ಕಿಬಿದ್ದ. ಆಟ ಹೋಯಿತು.

ಹಗ್ಗದ ಆಚೆ ಯಾರೋ ಅವನ ಭಾಷೆ ಹಿಡಿದು ಏನೋ ಅಂದರು. ಆಗ ನಮ್ಮ ತಂಡದ ಮಕ್ಕಳು, ಮನೆಯಲ್ಲಿ ತುಳು ಮಾತಾಡುವವರು, ಬ್ಯಾರಿ ಮಾತಾಡುವವರು, ಕೊಂಕಣಿಯವರು, ಎಲ್ಲ ಒಟ್ಟಿಗೆ ಮ್ಯಾಟಿಗೆ ಹೋಗಿ ಅವನನ್ನು ಎಬ್ಬಿಸಿ ಸುತ್ತ ನಿಂತರು. ಯಾರೂ ಹೇಳಿಕೊಟ್ಟು ಮಾಡಿದ್ದಲ್ಲ. ಕೋಚ್ ಇನ್ನೂ ಎದುರು ತಂಡದವರಿಗೆ ಕೈ ಕೊಡುತ್ತಿದ್ದರು. ಆಮೇಲೂ ಅವರು ಭಾಷಣ ಮಾಡಲಿಲ್ಲ. ಸೋತ ದಿನ ಆಟದ ಮಾತಿಲ್ಲ, ಮೊದಲು ಊಟ, ಆಮೇಲೆ ನಿದ್ದೆ, ಇದು ಅವರ ಕ್ರಮ. ಎರಡು ದಿನ ಬಿಟ್ಟು ಆ ರೈಡನ್ನೇ ಮತ್ತೆ ಆಡಿಸಿದರು, “ಆಗ ನಿನಗೆ ಎಂತ ಕಂಡಿತು?” ಅಂತ ಹುಡುಗನಿಂದಲೇ ಹೇಳಿಸಿದರು. ತಪ್ಪು ಎಲ್ಲಿ ಅಂತ ಅವನಿಗೇ ಗೊತ್ತಿತ್ತು, ಬಲ ಕಾರ್ನರ್ ಮುಂದೆ ಬಂದಾಗ ಒಂದು ಅವಕಾಶ ಇತ್ತಂತೆ. ಬೈದಿದ್ದರೆ ಅದು ಅವನ ಬಾಯಿಂದ ಬರುತ್ತಿತ್ತಾ? ನನಗೆ ನಂಬಿಕೆ ಇಲ್ಲ.

ಅಪ್ಪ ಅಮ್ಮಂದಿರಿಗೂ ಇಲ್ಲಿ ಶಿಸ್ತು ಇದೆ. ಬಂದು ಕೂತು ನೋಡಬಹುದು, ಯಾವ ದಿನ ಬೇಕಾದರೂ. ಆದರೆ ಹೊರಗಿಂದ ‘ಹಿಡಿ, ಬಿಡು, ಓಡು’ ಅಂತ ಕೂಗುವ ಹಾಗಿಲ್ಲ. ಚಪ್ಪಾಳೆ ಹೊಡೆಯಬಹುದು, ಎದುರು ತಂಡದವರಿಗೂ. ನನ್ನ ಮಗನನ್ನು ಯಾಕೆ ಏಳರಲ್ಲಿ ಹಾಕಲಿಲ್ಲ ಅಂತ ಪಂದ್ಯಾಟದ ಜಾಗದಲ್ಲಿ ಕೇಳುವಂತಿಲ್ಲ, ಮರುದಿನ ಸಂಜೆ ಬಂದು ಕೇಳಿದರೆ ಕೂರಿಸಿ ವಿವರವಾಗಿ ಹೇಳುತ್ತಾರೆ. ಅಭ್ಯಾಸದ ಆಟದಲ್ಲಿ ಎಲ್ಲರಿಗೂ ಸಮಾನ ಅವಕಾಶ, ಪಂದ್ಯಾಟದಲ್ಲಿ ಆಟ ನೋಡಿ ಏಳು ಜನ, ಇದನ್ನು ಸೇರುವಾಗಲೇ ಮಕ್ಕಳ ಮುಂದೆಯೇ ಹೇಳುತ್ತಾರೆ. ಕ್ಯಾಪ್ಟನ್ ಪ್ರತಿ ತಿಂಗಳು ಬದಲಾಗುತ್ತಾರೆ.

ಹುಡುಗಿಯರ ಬಗ್ಗೆ ಹೇಳಲೇಬೇಕು. ನಮ್ಮ ಪಕ್ಕದ ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದವರು, 2012ರ ಮಹಿಳಾ ವಿಶ್ವಕಪ್ ಗೆದ್ದಾಗ ತಂಡದ ನಾಯಕಿ, 2014ರ ಅರ್ಜುನ ಪ್ರಶಸ್ತಿ ಅವರಿಗೆ ಬಂತು. ಇಷ್ಟಾದ ಮೇಲೂ ‘ಹೆಣ್ಣು ಮಗುವಿಗೆ ಕಬಡ್ಡಿ ಯಾಕೆ’ ಅಂತ ನಮ್ಮ ನಾದಿನಿಗೆ ಕೇಳಿದವರು ಇದ್ದಾರೆ. ಇಲ್ಲಿ ಹುಡುಗಿಯರಿಗೆ ಬೇರೆ ಬ್ಯಾಚ್, ಹೇಳಿಕೊಡುವುದು ಹಿಂದೆ ಕಾಲೇಜು ತಂಡದಲ್ಲಿ ಆಡಿದ ಒಬ್ಬರು ಟೀಚರ್. ಕಬಡ್ಡಿ ಮೈಗೆ ಮೈ ತಾಗುವ ಆಟ, ಹಾಗಾಗಿ ಅಪ್ಪ ಅಮ್ಮಂದಿರಿಗೆ ಹೆದರಿಕೆ ಇರುವುದು ಸಹಜ. ಹೊಸ ಹಿಡಿತ ತೋರಿಸುವಾಗ ದೊಡ್ಡವರು ದೊಡ್ಡವರ ಮೇಲೆಯೇ ತೋರಿಸುತ್ತಾರೆ, ಆಮೇಲೆ ಮಕ್ಕಳು ತಮ್ಮ ಜೊತೆಯವರ ಮೇಲೆ ಮಾಡಿ ನೋಡುತ್ತಾರೆ. ‘ಸಾಕು’ ಅಂತ ಒಬ್ಬರು ಹೇಳಿದರೆ ಕೂಡಲೇ ಬಿಡಬೇಕು, ನಗುತ್ತಾ ಹೇಳಿದರೂ ಬಿಡಬೇಕು. ಯಾವ ಮಗುವನ್ನೂ ಒಬ್ಬರೇ ದೊಡ್ಡವರ ಜೊತೆ ಕೋಣೆಯಲ್ಲಿ ಬಿಡುವುದಿಲ್ಲ, ಪಂದ್ಯಾಟಕ್ಕೆ ಹೋಗುವಾಗ ಹುಡುಗಿಯರ ಜೊತೆ ಒಬ್ಬರು ಅಮ್ಮ ಇರಲೇಬೇಕು. ಇದನ್ನು ನಾನು ಕೇಳುವ ಮೊದಲೇ ಅವರೇ ಹೇಳಿದರು. ಎಲ್ಲಿ ಸೇರಿಸುವುದಾದರೂ ಈ ಪ್ರಶ್ನೆ ಕೇಳಿ, ಸಂಕೋಚ ಬೇಡ. ಉತ್ತರ ಕೊಡಲು ಮುಖ ಗಂಟು ಹಾಕುವವರ ಹತ್ತಿರ ಮಕ್ಕಳನ್ನು ಬಿಡಬೇಡಿ.

ಮ್ಯಾಟಿಗೆ ಇಳಿಯುವ ಮೊದಲು ಉಗುರು ನೋಡುತ್ತಾರೆ, ಸರ, ಉಂಗುರ, ಕೂದಲಿನ ಕ್ಲಿಪ್ ತೆಗೆಸುತ್ತಾರೆ. ತಲೆಗೆ ಪೆಟ್ಟು ಬಿದ್ದರೆ ಮಗು ‘ಎಂತ ಆಗಲಿಲ್ಲ’ ಅಂದರೂ ಅವತ್ತು ಮತ್ತೆ ಆಡಿಸುವುದಿಲ್ಲ, ಮನೆಗೆ ಫೋನ್ ಹೋಗುತ್ತದೆ.

ಇನ್ನು ಸರಿಯಾಗಬೇಕಾದದ್ದು. ಮ್ಯಾಟ್ ಹಳೆಯದು, ತುಂಡುಗಳ ನಡುವೆ ಕೆಲವು ಕಡೆ ಸಂದು ಬಿಟ್ಟಿದೆ, ಅಲ್ಲಿ ಬೆರಳು ಸಿಕ್ಕಿ ಒಬ್ಬಳಿಗೆ ಉಗುರು ಕಿತ್ತು ಹೋಗಿತ್ತು. ಎರಡು ಬ್ಯಾಚ್ ಮಕ್ಕಳಿಗೆ ಒಂದೇ ಅಂಕಣ ಸಾಲದು. ಮಳೆಗಾಲದಲ್ಲಿ, ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಹತ್ತಿರದ ಒಂದು ಸಭಾಭವನದೊಳಗೆ ಮಾಡುತ್ತಾರೆ. ಮದುವೆ ಸಮಾರಂಭ ಇದ್ದರೆ ಕ್ಲಾಸ್ ಇಲ್ಲ, ಆ ಮೆಸೇಜ್ ವಾಟ್ಸಾಪ್‌ಗೆ ಬರುವಾಗ ನಾವು ಅರ್ಧ ದಾರಿಗೆ ಬಂದಿರುತ್ತೇವೆ. ಮೇಲಿನ ಹಂತಕ್ಕೆ ಹೋಗಬೇಕು, ಜಿಲ್ಲೆ ರಾಜ್ಯ ಅಂತ ಆಡಬೇಕು ಅನ್ನುವ ಮಕ್ಕಳಿಗೆ ಇಲ್ಲಿನ ವ್ಯಾಯಾಮ ಸಾಲಲಿಕ್ಕಿಲ್ಲ. ಅಂಥವರನ್ನು ಕೋಚ್ ತಾವೇ ಬೇರೆ ಕಡೆ ಟ್ರಯಲ್ಸ್‌ಗೆ ಕರೆದುಕೊಂಡು ಹೋಗುತ್ತಾರೆ, ಇಟ್ಟುಕೊಳ್ಳಲು ನೋಡುವುದಿಲ್ಲ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ವಾರಕ್ಕೆ ಎರಡು ದಿನ ಮಾತ್ರ ಬಂದರೂ ಸಾಕು ಅನ್ನುತ್ತಾರೆ, ಹತ್ತನೇ ಕ್ಲಾಸ್ ಬಂತು ಅಂತ ಪೂರ್ತಿ ಆಟ ಬಿಡಿಸುವ ನಮ್ಮ ಕ್ರಮಕ್ಕೆ ಇದು ಒಳ್ಳೆಯ ದಾರಿ ಅಂತ ನನ್ನ ಅನಿಸಿಕೆ.

ಫೀಸ್ ತಿಂಗಳಿಗೆ 600 ರೂಪಾಯಿ, ಅಣ್ಣ ತಮ್ಮ ಅಥವಾ ಅಕ್ಕ ತಂಗಿ ಇದ್ದರೆ ಎರಡನೆಯವರಿಗೆ ಅರ್ಧ. ಜೆರ್ಸಿಗೆ ಬೇರೆ ಕೊಡಬೇಕು. ಮ್ಯಾಟ್ ಶೂ ಮೊದಲ ತಿಂಗಳೇ ತೆಗೆಯಬೇಡಿ, ಮಗುವಿಗೆ ಆಟ ಹಿಡಿಸುತ್ತದಾ ನೋಡಿ ಆಮೇಲೆ ತೆಗೆದುಕೊಳ್ಳಿ ಅಂತ ಅವರೇ ಹೇಳುತ್ತಾರೆ. ನೀರಿನ ಬಾಟಲಿ ದೊಡ್ಡದು ಕೊಟ್ಟು ಕಳುಹಿಸಿ.

ಒಂದು ವಿಷಯ ಮಾತ್ರ ಈ ವರ್ಷವೇ ಆಗಬೇಕು. ಹುಡುಗಿಯರಿಗೆ ಬಟ್ಟೆ ಬದಲಾಯಿಸಲು ಸರಿಯಾದ ಕೋಣೆ ಇಲ್ಲ, ಶೌಚಾಲಯದ ಲೈಟ್ ಹಾಳಾಗಿ ತುಂಬ ಸಮಯವಾಯಿತು. ಶಾಲೆಯವರ ಹತ್ತಿರ ಕೇಳಿದರೆ ನೋಡುವ ಅನ್ನುತ್ತಾರೆ. ನಾವು ಕೆಲವು ಅಮ್ಮಂದಿರು ಸೇರಿ ಬಲ್ಬು, ಚಿಲಕ, ಒಂದು ಪರದೆ ಇಷ್ಟಕ್ಕೆ ದುಡ್ಡು ಒಟ್ಟು ಮಾಡಿದ್ದೇವೆ, ಎಲೆಕ್ಟ್ರಿಷಿಯನ್ ಸಿಕ್ಕಿಲ್ಲ. ಆ ಕಡೆ ಯಾರಾದರೂ ಇದ್ದರೆ ಸಂಜೆ ಐದರ ಮೇಲೆ ಮೈದಾನಕ್ಕೆ ಬನ್ನಿ, ನಾವು ಅಲ್ಲೇ ಕಟ್ಟೆಯಲ್ಲಿ ಇರುತ್ತೇವೆ.